ಮಳೆನಾಡಿನ ಹಳೆಯ ಟೀವಿಗೆ ತಕ್ಕ ಪೆಟ್ಟಿಗೆ

ಮೂಡಿಗೆರೆಯಿಂದ ಬಂದ ದಾರಿಯು ಒಂದು ಕಡೆ ಚಾರ್ಮಾಡಿ ಘಾಟಿಗೂ ಇನ್ನೊಂದು ಕಡೆ ಕಳಸ, ಹೊರನಾಡುಗಳಿಗೂ ಕವಲೊಡೆಯುವ ಕೊಟ್ಟಿಗೆಹಾರದ ಸುತ್ತಮುತ್ತ, ಹಂಚಿನ ಮಾಡಿನ ಮನೆಗಳಲ್ಲಿಯೂ ತೋಟದ ಕಾರ್ಮಿಕರ ಲೈನುಮನೆಗಳಲ್ಲಿಯೂ, ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಡಬ್ಬಾ ಟೀವಿಗಳು ಇಂದಿಗೂ ಆಯುಷ್ಯ ತೀರದೆ ಉಳಿದಿರುವುದು ಅಪರೂಪದ ಸಂಗತಿಯೇನಲ್ಲ. ಪಿಕ್ಚರ್ ಟ್ಯೂಬು ಗಟ್ಟಿಯಾಗಿದೆ, ಬಣ್ಣ ಮಾಸಿಲ್ಲ, ಸ್ಪೀಕರಿನ ಧ್ವನಿ ಮಳೆಯ ಸದ್ದನ್ನು ಮೀರಿ ಕೇಳುವಷ್ಟು ತುಂಬಿಕೊಂಡಿದೆ. ಆದರೆ ಅವು ಅರ್ಥಮಾಡಿಕೊಳ್ಳಬಲ್ಲ ಸಂಕೇತವೇ ಆಕಾಶದಿಂದ ಮರೆಯಾಗಿದೆ. ಆಯಕಟ್ಟಿನ ಸ್ಥಳಗಳಲ್ಲಿರುವ ಸುಮಾರು 50 ಪ್ರೇಷಕಗಳನ್ನು ಬಿಟ್ಟು ಮಿಕ್ಕೆಲ್ಲ ಅನಲಾಗ್ ಪ್ರೇಷಕಗಳನ್ನು 2022ರ ಮಾರ್ಚಿನ ವೇಳೆಗೆ ಮುಚ್ಚುವ ನಿರ್ಧಾರವನ್ನು ಪ್ರಸಾರ ಭಾರತಿಯು ಕೈಗೊಂಡಿತು. ಕೇಬಲಿನವರನ್ನು 2011ರ ತಿದ್ದುಪಡಿ ಕಾನೂನು ಅದಕ್ಕೂ ಮೊದಲೇ ಡಿಜಿಟಲ್ ಪದ್ಧತಿಗೆ ತಳ್ಳಿ, ಹಳ್ಳಿಗಳನ್ನೊಳಗೊಂಡ ಕೊನೆಯ ಹಂತಕ್ಕೆ 2017ರ ಮಾರ್ಚ್ 31ರ ಗಡುವನ್ನು ಕೊಟ್ಟಿತ್ತು. ಹೀಗಾಗಿ ಹಳೆಯ ಟೀವಿಗೂ ಹೊಸ ಪ್ರಸಾರಕ್ಕೂ ನಡುವೆ ದುಭಾಷಿಯಾಗಿ ನಿಲ್ಲುವ ಸೆಟ್ ಟಾಪ್ ಬಾಕ್ಸು ಅನಿವಾರ್ಯವಾಯಿತು. ಅದನ್ನು ಕೊಳ್ಳಹೋದವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, "ಎಷ್ಟು ಚಾನೆಲ್ ಬರುತ್ತೆ?" ಎಂಬುದು. ಈ ಪ್ರಶ್ನೆಯೇ ನಮ್ಮ ಆಯ್ಕೆಯನ್ನು ಕೆಡಿಸಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಮಲೆನಾಡಿನಲ್ಲಿ ಕೇಳತಕ್ಕ ಪ್ರಶ್ನೆಗಳು ಬೇರೆ: ಈ ಪೆಟ್ಟಿಗೆಯು ನಮ್ಮ ಟೀವಿಯ ಬೆನ್ನಿಗೆ ಹೊಂದುವುದೆ, ಮತ್ತು ಆರಿದ್ರಾ ಮಳೆ ಹಿಡಿದಾಗ ಎಷ್ಟು ಹೊತ್ತು ನಿಲ್ಲುವುದು?

ಇಂಥ ಪೆಟ್ಟಿಗೆಯು ಕನ್ನಡ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ 'ಸೈಟ್' ಪ್ರಯೋಗದಲ್ಲಿ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪಾಠ, ಬೇಸಾಯ, ಆರೋಗ್ಯಗಳ ಕಾರ್ಯಕ್ರಮಗಳನ್ನು ಬಿತ್ತರಿಸಿದಾಗ, ಆ ಹಳ್ಳಿಗಳ ಪೈಕಿ ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳವೂ ಇದ್ದವು. ಮೂರು ಮೀಟರ್ ಅಗಲದ, ಕೋಳಿಗೂಡಿನ ತಂತಿಬಲೆಯಿಂದ ಹೆಣೆದ ಡಿಶ್ಶು ಹಿಡಿದ ಸಂಕೇತವನ್ನು ಸಾಮಾನ್ಯ ಕಪ್ಪು ಬಿಳುಪು ಟೀವಿಗೆ ಒಗ್ಗುವಂತೆ ಮಾರ್ಪಡಿಸುವ ಒಂದು ಪೆಟ್ಟಿಗೆಯೂ ಅದರ ಜತೆಗಿತ್ತು. ಧೂಳು, ಸೆಕೆ, ವಿದ್ಯುತ್ತಿನ ಏರಿಳಿತಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆ ಸಲಕರಣೆಯನ್ನು ರೂಪಿಸಿದ್ದರೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಯಂತ್ರವು ಊರಿಗೆ ಹೊಂದಬೇಕೇ ಹೊರತು ಊರು ಯಂತ್ರಕ್ಕೆ ಹೊಂದಬೇಕಾಗಿಲ್ಲವೆಂಬ ವಿವೇಕವು ಅಂದಿನ ವಿಜ್ಞಾನಿಗಳಿಗಿತ್ತು. ಇಂದಿನ ಮಾರುಕಟ್ಟೆಗೆ ಅದು ಮರೆತುಹೋಗಿದೆ.

ಮೊದಲು ಯಾವುದು ಇಲ್ಲಿ ಕೆಲಸಕ್ಕೆ ಬಾರದು ಎಂಬುದನ್ನು ಹೇಳಿಬಿಡುವುದು ಮೇಲು. ವಿದೇಶದಲ್ಲಿರುವ ಬಂಧುಗಳು ಪ್ರೀತಿಯಿಂದ ಕಳಿಸುವ ಪೆಟ್ಟಿಗೆಗಳು ಬಹುಮಟ್ಟಿಗೆ ಆಯಾ ದೇಶದ ಭೂಪ್ರಸಾರಕ್ಕೆಂದು ಮಾಡಿದವು. ಅಮೆರಿಕದಲ್ಲಿ 2009ರ ಜೂನಿನಲ್ಲಿ ಅನಲಾಗ್ ಪ್ರಸಾರ ನಿಂತಾಗ ಸರಕಾರವೇ ಮನೆಗೆರಡರಂತೆ 40 ಡಾಲರಿನ ಕೂಪನ್ನುಗಳನ್ನು ಕೊಟ್ಟು ಜನರಿಂದ ಕೊಳ್ಳಿಸಿದ ಪೆಟ್ಟಿಗೆಗಳೂ ಇಂಥವೇ. ನಮ್ಮಲ್ಲಿ ದೂರದರ್ಶನವು ಡಿಜಿಟಲ್ ಭೂಪ್ರಸಾರವನ್ನು 2016ರಲ್ಲಿ 16 ನಗರಗಳಿಗೆ ತಂದಾಗ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದುದು ಬೆಂಗಳೂರು ಮಾತ್ರ. ಗುಡ್ಡದ ಮೇಲೊಂದು, ಹಳ್ಳದಾಚೆಗೊಂದು ಎಂಬಂತೆ ಚದುರಿದ ಮನೆಗಳಿಗೆ ಕೇಬಲ್ ಎಳೆಯುವುದು ಯಾರಿಗೂ ಗಿಟ್ಟುವ ಕೆಲಸವಲ್ಲ. ಹಾಗಾದುದರಿಂದ ಉಳಿಯುವ ದಾರಿಗಳು ಎರಡೇ: ತಿಂಗಳಿಗಿಷ್ಟೆಂದು ರಿಚಾರ್ಜ್ ಮಾಡಿಸುವ ಖಾಸಗಿ ಡಿಟಿಎಚ್, ಇಲ್ಲವೆ ಒಮ್ಮೆ ಹಣ ತೆತ್ತರೆ ಮತ್ತೆ ಏನನ್ನೂ ಕೇಳದ ದೂರದರ್ಶನದ ಫ್ರೀ ಡಿಶ್.

ಯಾವ ದಾರಿಯನ್ನು ಹಿಡಿದರೂ ಟೀವಿಯ ಬೆನ್ನನ್ನು ಮೊದಲು ತಿರುಗಿಸಿ ನೋಡಬೇಕು. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿರುವ ಕೊಟ್ಟಿಗೆಹಾರದಲ್ಲಿ ವಸ್ತುವನ್ನು ಕಣ್ಣಾರೆ ಪರೀಕ್ಷಿಸಿ ಅರಿಯಬೇಕೆಂದು ಯಾರಿಗೂ ಬೋಧಿಸಬೇಕಾಗಿಲ್ಲವಷ್ಟೆ. ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತೂತುಗಳಿದ್ದರೆ ಕೆಲಸ ಸುಲಭ; ಹಳದಿ, ಬಿಳಿ ಎರಡೇ ಇದ್ದರೆ ಅದು ಒಂದೇ ಧ್ವನಿಮಾರ್ಗದ ಟೀವಿ, ಆಗಲೂ ತೊಂದರೆಯಿಲ್ಲ. ಆದರೆ ಆಂಟೆನಾ ಸಿಕ್ಕಿಸುವ ಒಂದೇ ಒಂದು ತೂತಿರುವ ತೀರ ಹಳೆಯ ಸೆಟ್ಟಾದರೆ, ಚಿತ್ರವನ್ನೂ ಧ್ವನಿಯನ್ನೂ ಸೇರಿಸಿ ಹಳೆಯ ಕಾಲದ ಚಾನೆಲಿನ ರೂಪಕ್ಕೆ ತರುವ ಆರ್‌ಎಫ್ ಮಾಡ್ಯುಲೇಟರು ಪೆಟ್ಟಿಗೆಯೊಳಗೇ ಇರಬೇಕು, ಇಲ್ಲವೆ ಅದನ್ನು ಬೇರೆಯಾಗಿ ಕೊಳ್ಳಬೇಕು. ಈಚೆಗೆ ಬರುತ್ತಿರುವ ಅಂಗೈಯಗಲದ ಕೆಲವು ಪೆಟ್ಟಿಗೆಗಳಲ್ಲಿ ಎಚ್‌ಡಿಎಂಐ ಒಂದೇ ಇರುತ್ತದೆ. ಡಬ್ಬಾ ಟೀವಿಯವರು ಅವುಗಳನ್ನು ಮುಟ್ಟಲೇಬಾರದು. ಇನ್ನು ಕೆಲವಕ್ಕೆ ಮೂರು ತೂತುಗಳ ಬದಲು ಇಯರ್‌ಫೋನಿನದರಂಥ ಒಂದು ಸಣ್ಣ ರಂಧ್ರವನ್ನು ಕೊಟ್ಟು, ಅದರಿಂದ ಮೂರು ಕವಲಿನ ತಂತಿಯನ್ನು ಹೊರಡಿಸುತ್ತಾರೆ. ಆ ತಂತಿಯೊಳಗಿನ ಜೋಡಣೆಯು ಒಬ್ಬ ತಯಾರಕನದು ಒಂದು ರೀತಿ, ಮತ್ತೊಬ್ಬನದು ಇನ್ನೊಂದು ರೀತಿಯಾದುದರಿಂದ, ಒಂದು ಪೆಟ್ಟಿಗೆಯ ತಂತಿಯನ್ನು ಇನ್ನೊಂದಕ್ಕೆ ಹಾಕಿದಾಗ ಹಳದಿ ಪಿನ್ನಿನಲ್ಲಿ ಧ್ವನಿಯೂ ಕೆಂಪು ಪಿನ್ನಿನಲ್ಲಿ ಚಿತ್ರವೂ ಹೊರಟು ಮನೆಮಂದಿಯನ್ನೆಲ್ಲ ಕಂಗೆಡಿಸುವುದುಂಟು. ಮೂರು ತೂತುಗಳು ನೇರವಾಗಿ ಹಿಂಬದಿಯಲ್ಲೇ ಇರುವ, ನೋಡಲು ಕೊಂಚ ದೊಡ್ಡದೂ ಒರಟೂ ಆದ ಪೆಟ್ಟಿಗೆಯೇ ಹಳೆಯ ಟೀವಿಗೆ ಉತ್ತಮವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಆ ಬಗೆಯ ತಂತಿ ಹರಿದುಹೋದರೆ ಯಾವ ಪೇಟೆಯಲ್ಲಾದರೂ ಸಿಕ್ಕುತ್ತದೆ.

ಜೋಡಣೆ ಸರಿಯಾದ ಮೇಲೂ ಪೆಟ್ಟಿಗೆಯ ಮೆನುವಿನೊಳಗೆ ಎರಡು ಸಂಗತಿಗಳನ್ನು ಗಮನಿಸಬೇಕು. ನಮ್ಮ ದೇಶದ ಟೀವಿಗಳು ಪಾಲ್ ಪದ್ಧತಿಯವು. ಪೆಟ್ಟಿಗೆಯು ಎನ್‌ಟಿಎಸ್‌ಸಿಯಲ್ಲಿ ನಿಂತಿದ್ದರೆ ಹಳೆಯ ಸೆಟ್ಟಿನಲ್ಲಿ ಬಣ್ಣ ಹೋಗಿ ಚಿತ್ರ ಉರುಳತೊಡಗುತ್ತದೆ, ಜನರು ಟೀವಿಯೇ ಕೆಟ್ಟಿತೆಂದು ಮೆಕಾನಿಕ್ಕನ ಬಳಿಗೆ ಹೊತ್ತೊಯ್ಯುತ್ತಾರೆ. ಎರಡನೆಯದು ಚಿತ್ರದ ಆಕಾರ. ಈಗಿನ ಕಾರ್ಯಕ್ರಮಗಳು 16:9ರ ಅಗಲಕ್ಕೆ ತಯಾರಾದವು, ಡಬ್ಬಾ ಟೀವಿಯ ಗಾಜು 4:3ರದು. ಮೇಲೂ ಕೆಳಗೂ ಕಪ್ಪು ಪಟ್ಟಿಯನ್ನು ಬಿಟ್ಟು ಪೂರ್ತಿ ಚಿತ್ರವನ್ನು ತೋರಿಸುವ ಅವಕಾಶವಿಲ್ಲದ ಪೆಟ್ಟಿಗೆಯಾದರೆ ಒಂದೋ ಮನುಷ್ಯರೆಲ್ಲ ಸಪೂರವಾಗಿ ಉದ್ದಕ್ಕೆಳೆದಂತಾಗುತ್ತಾರೆ, ಇಲ್ಲವೆ ಎಡಬಲಗಳು ಕತ್ತರಿಸಿಹೋಗುತ್ತವೆ. ವಾರ್ತೆಯ ವೇಳೆ ಕೆಳಗೆ ಹರಿಯುವ ಅಕ್ಷರಗಳನ್ನು ಓದಿ ಕಾಫಿ, ಕಾಳುಮೆಣಸಿನ ಸುದ್ದಿ ತಿಳಿಯುವ ಹಿರಿಯರಿಗೆ ಇದು ಸಣ್ಣ ನಷ್ಟವಲ್ಲ. ಎಚ್‌ಡಿ ಪೆಟ್ಟಿಗೆಯೆಂದು ಹೆಚ್ಚಿಗೆ ಹಣ ಕೊಡುವುದು ಮಾತ್ರ ಹಳೆಯ ಟೀವಿಯವರಿಗೆ ವ್ಯರ್ಥ. ಎವಿ ತಂತಿಯೊಳಗೆ ಹಾಯುವಾಗ ಎಂಥ ಚಿತ್ರವೂ 576 ಸಾಲುಗಳಿಗೆ ಇಳಿಯಲೇಬೇಕು.

ಈಗ ಮಳೆಯ ಮಾತು. ನಮ್ಮ ಸೀಮೆಯಲ್ಲಿ ಎಲ್ಲ ಆಯ್ಕೆಯ ನೆತ್ತಿಯ ಮೇಲೂ ಕೂತಿರುವುದು ಅದೇ. ಹಿಂದೆ ದೊಡ್ಡ ಎಸ್ಟೇಟುಗಳ ಬಂಗಲೆಗಳ ಮುಂದೆ ನಿಂತಿರುತ್ತಿದ್ದ ಭಾರಿ ಬಲೆಡಿಶ್ಶುಗಳು ಸಿ ಬ್ಯಾಂಡಿನವು. ಅದರ ಅಲೆಯ ಉದ್ದ ಸುಮಾರು ಏಳೂವರೆ ಸೆಂಟಿಮೀಟರ್. ಇಂದಿನ ಸಣ್ಣ ಡಿಶ್ಶಿಗೆ ಬರುವ ಕು ಬ್ಯಾಂಡಿನ ಅಲೆ ಮೂರು ಸೆಂಟಿಮೀಟರಿಗೂ ಕಡಿಮೆ. ಅಲೆ ಮೋಟಾದಷ್ಟೂ ಮಳೆಹನಿಗಳು ಅದನ್ನು ಹೆಚ್ಚು ಹೀರುತ್ತವೆ, ಚೆದರಿಸುತ್ತವೆ. ಹಳೆಯ ಅನಲಾಗ್ ಪ್ರಸಾರದಲ್ಲಿ ಸಂಕೇತ ಕುಗ್ಗಿದರೆ ತೆರೆಯ ಮೇಲೆ ಎಳ್ಳು ಚೆಲ್ಲಿದಂತಾಗುತ್ತಿತ್ತು, ಆದರೂ ಮಾತು ಕೇಳುತ್ತಿತ್ತು, ಮುಖ ಗುರುತು ಹತ್ತುತ್ತಿತ್ತು; ಡಿಜಿಟಲ್ ಪ್ರಸಾರವು ಒಂದು ಮಿತಿಯವರೆಗೆ ನಿರ್ಮಲವಾಗಿದ್ದು, ಆ ಮಿತಿಯನ್ನು ದಾಟಿದೊಡನೆ ಚೌಕಚೌಕವಾಗಿ ಒಡೆದು ನಿಂತೇಬಿಡುತ್ತದೆ. ಪುನರ್ವಸು, ಪುಷ್ಯ ಮಳೆಗಳು ಹಗಲಿರುಳೆನ್ನದೆ ಹೊಯ್ಯುವ ದಿನಗಳಲ್ಲಿ, ಹೊರಗೆ ಹೋಗಲಾರದ ಮನೆಮಂದಿಗೆ ಟೀವಿಯು ಅತ್ಯಂತ ಬೇಕಾದ ಹೊತ್ತಿಗೇ 'ಸಿಗ್ನಲ್ ಇಲ್ಲ' ಎಂಬ ಬರಹ ಬಂದು ಕೂಡುವುದು ಇದರಿಂದ. ಇದಕ್ಕೆ ಪರಿಹಾರವು ಪೆಟ್ಟಿಗೆಗಿಂತ ಹೆಚ್ಚಾಗಿ ಡಿಶ್ಶಿನಲ್ಲಿದೆ. ಬಯಲುಸೀಮೆಗೆ ಸಾಕಾಗುವ 60 ಸೆಂಟಿಮೀಟರಿನ ಡಿಶ್ಶನ್ನೇ ಇಲ್ಲಿಗೂ ಕಟ್ಟಿಕೊಡುವುದು ರೂಢಿ. 90 ಸೆಂಟಿಮೀಟರಿನದನ್ನು ಹಾಕಿಸಿದರೆ ಹಿಡಿಯುವ ಹರವು ಎರಡೂಕಾಲು ಪಟ್ಟಾಗುತ್ತದೆ. ಜಡಿಮಳೆಯ ಉಚ್ಛ್ರಾಯದಲ್ಲಿ ಅದೂ ಸೋಲಬಹುದು, ಆದರೆ ಸೋಲುವ ವೇಳೆ ಬಹಳ ಕಡಿಮೆಯಾಗುತ್ತದೆ.

ಡಿಶ್ಶು ಕಟ್ಟುವ ಕ್ರಮವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಂಚು ಒಡೆಯದಂತೆ ಪಕಾಸಿಯ ಮೇಲೆ ಕಾಲಿಟ್ಟು ಹುಡುಗನೊಬ್ಬ ಮಾಡು ಹತ್ತಿರುತ್ತಾನೆ. ಒಳಗೆ ಟೀವಿಯ ಮುಂದೆ ಮನೆಯಾಕೆ. "ಬಂತಾ ಅಕ್ಕಾ?" "ಇಲ್ಲ ಮಾರಾಯಾ, ಇನ್ನೊಂಚೂರು ತಿರುಗ್ಸು." "ಈಗ?" "ಹಾ, ಬಂತು ಬಂತು, ಹಾಗೇ ಬಿಗಿ ಮಾಡು!" ಚಿತ್ರ ಬಂದೊಡನೆ ನಟ್ಟು ಬಿಗಿದು ಇಳಿದುಬಿಡುವ ಈ ಅವಸರವೇ ಮಳೆಗಾಲದ ಅರ್ಧ ಕಷ್ಟಕ್ಕೆ ಮೂಲ. ಪೆಟ್ಟಿಗೆಯ ಮೆನುವಿನಲ್ಲಿ 'ಸ್ಟ್ರೆಂತ್', 'ಕ್ವಾಲಿಟಿ' ಎಂಬ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದು ತಂತಿ ಜೋಡಣೆಯಾಗಿದ್ದರೇ ತುಂಬಿ ನಿಲ್ಲಬಹುದು, ನಂಬತಕ್ಕದ್ದು ಎರಡನೆಯದನ್ನು. ಬಿಸಿಲಿನ ದಿನ ಚಿತ್ರ ಬರಲು ಬೇಕಾದಷ್ಟು ಕ್ವಾಲಿಟಿಯಲ್ಲಿ ತೃಪ್ತರಾಗದೆ, ಅದು ಏರಬಲ್ಲಷ್ಟು ಏರುವವರೆಗೆ ಡಿಶ್ಶನ್ನೂ ಅದರ ಮೂತಿಯ ಎಲ್‌ಎನ್‌ಬಿಯನ್ನೂ ಕೂದಲೆಳೆಯಷ್ಟು ಹೊರಳಿಸಿ ನೋಡಬೇಕು; ಆ ಹೆಚ್ಚುವರಿಯೇ ಮಳೆಯಲ್ಲಿ ಖರ್ಚಾಗುವ ಬಂಡವಾಳ. ಈ ಎರಡು ಪಟ್ಟಿಗಳನ್ನು ದೊಡ್ಡದಾಗಿ, ತಡವಿಲ್ಲದೆ ತೋರಿಸುವ ಪೆಟ್ಟಿಗೆಯು ಅಷ್ಟರಮಟ್ಟಿಗೆ ಶ್ರೇಷ್ಠವೆಂದೇ ನನ್ನ ಎಣಿಕೆ. ಫ್ರೀ ಡಿಶ್ಶಿನ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವುದರಿಂದ ಕೊಟ್ಟಿಗೆಹಾರಕ್ಕೆ ಅದು ಆಗ್ನೇಯ ದಿಕ್ಕಿನಲ್ಲಿ, ಕೊಂಚ ಪೂರ್ವಕ್ಕೆ ವಾಲಿ, ಕ್ಷಿತಿಜದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ಅಷ್ಟು ಎತ್ತರವಾದುದರಿಂದ ಗುಡ್ಡ ಅಡ್ಡ ಬರುವುದು ಅಪೂರ್ವ. ಅಡ್ಡ ಬರುವುದು ಸಿಲ್ವರ್ ಓಕಿನ ಮರ. ಕಟ್ಟಿದ ವರ್ಷ ತೆರಪಾಗಿದ್ದ ದಿಕ್ಕು ಮೂರು ನಾಲ್ಕು ವರ್ಷಗಳಲ್ಲಿ ಎಲೆಗಟ್ಟಿ, ಒದ್ದೆ ಎಲೆಗಳು ಮಳೆಯ ಕೆಲಸವನ್ನು ಮಳೆ ಬಿಟ್ಟ ಮೇಲೂ ಮುಂದುವರಿಸುತ್ತವೆ. ಮರಗಸಿಯ ಕಾಲದಲ್ಲಿ ಆ ದಿಕ್ಕಿನ ಒಂದೆರಡು ಕೊಂಬೆಗಳನ್ನು ಸವರಿಸಿದರೆ ಸಾಕು. ಮಾಡಿನ ಮೇಲಿನ ತಂತಿಯ ಗಂಟಿನೊಳಗೆ ನೀರಿಳಿಯದಂತೆ ಟೇಪು ಸುತ್ತಿ, ತಂತಿ ಮನೆಯೊಳಕ್ಕೆ ತಿರುಗುವ ಮುನ್ನ ಕೆಳಕ್ಕೊಂದು ಸುತ್ತು ಬಿಟ್ಟು ನೀರು ಅಲ್ಲೇ ತೊಟ್ಟಿಕ್ಕುವಂತೆ ಮಾಡುವುದೂ ಅಗತ್ಯ.

ಸಿಡಿಲಿನ ವಿಷಯ ಹೇಳಬೇಕಾದುದು ಸ್ವಲ್ಪವೇ. ಪೆಟ್ಟಿಗೆಗೆ ಹೊರಗಿನ 12 ವೋಲ್ಟಿನ ಅಡಾಪ್ಟರಿದ್ದರೆ, ವೋಲ್ಟೇಜು ಏರಿ ಸುಟ್ಟಾಗ ಹೋಗುವುದು ಹೆಚ್ಚಾಗಿ ಅಡಾಪ್ಟರು ಮಾತ್ರ. ವಿದ್ಯುತ್ ಭಾಗವೆಲ್ಲ ಒಳಗೇ ಇರುವ ಪೆಟ್ಟಿಗೆಯಾದರೆ ರಿಪೇರಿಗೆ ಅದನ್ನೇ ಬಿಚ್ಚಬೇಕು. ಗುಡುಗು ಕೇಳಿದೊಡನೆ ಪ್ಲಗ್ಗಿನೊಂದಿಗೆ ಡಿಶ್ಶಿನ ತಂತಿಯನ್ನೂ ಕಳಚಬೇಕು.

ಖಾಸಗಿ ಡಿಟಿಎಚ್‌ನ ಗುಣವನ್ನು ಅಲ್ಲಗಳೆಯುವುದು ನ್ಯಾಯವಲ್ಲ: ಕನ್ನಡದ ಧಾರಾವಾಹಿ, ಸಿನಿಮಾ, ಸುದ್ದಿಗಳ ವಾಹಿನಿಗಳೆಲ್ಲ ಒಂದೆಡೆ ದೊರೆಯುವುದು ಅಲ್ಲಿಯೇ. ಆದರೆ ಅದರ ಪೆಟ್ಟಿಗೆಯನ್ನು ಕೊಂಡವನು ಪೆಟ್ಟಿಗೆಯನ್ನಲ್ಲ, ಒಂದು ಕಂಪೆನಿಯ ನಂಟನ್ನು ಕೊಂಡಿರುತ್ತಾನೆ. ಕಂಪೆನಿ ಬದಲಿಸಿದರೆ ಪೆಟ್ಟಿಗೆ ಅಟ್ಟ ಸೇರುತ್ತದೆ. ಒಂದೇ ಪೆಟ್ಟಿಗೆಯು ಎಲ್ಲ ಕಂಪೆನಿಗಳಿಗೂ ಸಲ್ಲುವಂತಾಗಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರ ಏಪ್ರಿಲಿನಲ್ಲಿ ಶಿಫಾರಸು ಮಾಡಿದ್ದು ಇದಕ್ಕಾಗಿಯೇ. ಅದು ಆಚರಣೆಗೆ ಬಂದಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ದರಪದ್ಧತಿಯಲ್ಲಿ ಮೊದಲ 100 ವಾಹಿನಿಗಳಿಗೆ ತೆರಿಗೆ ಬಿಟ್ಟು 130 ರೂಪಾಯಿಯೆಂದು ಗೊತ್ತುಮಾಡಲಾಗಿತ್ತು; ಅದರ ಮೇಲೆ ಬೇಕಾದ ವಾಹಿನಿಗಳ ಬೆಲೆ ಬೇರೆ. ಕೊಯ್ಲಿನ ಕಾಲದಲ್ಲಿ ಕೈತುಂಬ ಕೆಲಸವಿದ್ದು, ಮಳೆಗಾಲದಲ್ಲಿ ಕೆಲಸ ಕುಂದುವ ಸಂಸಾರಕ್ಕೆ, ಸಂಕೇತವೇ ನೆಟ್ಟಗೆ ಬಾರದ ತಿಂಗಳುಗಳಿಗೂ ಹಣ ತೆರುವುದು ಎಷ್ಟು ಮಾತ್ರ ಉಚಿತ?

ಫ್ರೀ ಡಿಶ್ಶನ್ನು ನಾನು ಸಾರ್ವಜನಿಕ ಸಂಸ್ಥೆಗಳ ಸಾಲಿಗೆ, ಗ್ರಂಥಾಲಯ, ಅಂಚೆಕಚೇರಿಗಳ ಪಕ್ಕಕ್ಕೆ ಸೇರಿಸುತ್ತೇನೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ 33 ವಾಹಿನಿಗಳೊಂದಿಗೆ ಮೊದಲಾದ ಅದು ಇಂದು ದೇಶದ 4 ಕೋಟಿಗೂ ಮಿಕ್ಕ ಮನೆಗಳನ್ನು ಮುಟ್ಟಿದೆ. ಡಿಶ್ಶು, ಪೆಟ್ಟಿಗೆ ಎರಡೂ ಸೇರಿ ಸುಮಾರು 2000 ರೂಪಾಯಿಗಳ ಒಂದೇ ಬಾರಿಯ ವೆಚ್ಚ. ಕೊಳ್ಳುವಾಗ ಎಂಪೆಗ್-4 ಪೆಟ್ಟಿಗೆಯನ್ನೇ ಕೇಳಿ ಪಡೆಯಬೇಕು. ಅಂಗಡಿಯ ಮೂಲೆಯಲ್ಲುಳಿದ ಎಂಪೆಗ್-2ರ ಹಳೆಯ ಸರಕು ಅಗ್ಗವಾದರೂ ಹೊಸ ಪದ್ಧತಿಯಲ್ಲಿ ಬರುವ ವಾಹಿನಿಗಳನ್ನು ತೋರಿಸಲಾರದು, ಎಂಪೆಗ್-4ರದಾದರೋ ಎರಡನ್ನೂ ತೋರಿಸುತ್ತದೆ. ಆಕಾಶವಾಣಿಯ ವಾಹಿನಿಗಳೂ ಅದೇ ಪೆಟ್ಟಿಗೆಯಲ್ಲಿ ಬರುತ್ತವೆ. ಚಂದನ ವಾಹಿನಿಯು ಅದರಲ್ಲಿದೆಯೆಂಬ ಒಂದೇ ಕಾರಣ ನನಗೆ ಬಹುದೊಡ್ಡದು: ಡಾ. ನಾ. ಸೋಮೇಶ್ವರರು 2002ರಿಂದ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ'ಯಂಥ ಕಾರ್ಯಕ್ರಮವನ್ನು ಬಡವರ ಮನೆಗೂ ತಂದುದು ಅದು. 2020ರ ಜುಲೈಯಲ್ಲಿ, ಸೋಂಕಿನ ಭಯದಿಂದ ಶಾಲೆಗಳು ಮುಚ್ಚಿದ್ದಾಗ, ಪ್ರೌಢಶಾಲೆಯ ಮಕ್ಕಳಿಗೆ 'ಸಂವೇದ' ಪಾಠಗಳು ಬಂದುದೂ ಚಂದನದಲ್ಲಿಯೇ. ಮೊಬೈಲಿನ ನೆಟ್‌ವರ್ಕಿಗಾಗಿ ಗುಡ್ಡದ ನೆತ್ತಿ ಹತ್ತಬೇಕಾದ ಮಲೆನಾಡಿನ ಮಕ್ಕಳಿಗೆ ಮನೆಯ ಡಬ್ಬಾ ಟೀವಿ ತರಗತಿಯಾಗಬಲ್ಲುದೆಂಬುದನ್ನು ಅದು ತೋರಿಸಿಕೊಟ್ಟಿತು.

ಇಷ್ಟು ಮೆಚ್ಚಿದ ಮೇಲೆ ಅದರ ಕೊರತೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಖಾಸಗಿ ವಾಹಿನಿಗಳಿಗೆ ಅಲ್ಲಿಯ ಜಾಗವನ್ನು ಹರಾಜಿನಲ್ಲಿ ಮಾರುವುದರಿಂದ, ದೊಡ್ಡ ಮಾರುಕಟ್ಟೆಯ ಹಿಂದಿ ವಾಹಿನಿಗಳೇ ಅದರ ಬಹುಭಾಗವನ್ನು ತುಂಬಿಕೊಂಡಿವೆ. ಕನ್ನಡಕ್ಕೆ ದೊರೆತುದು ಅತ್ಯಲ್ಪ. ಅಸ್ಸಾಮು, ಬಂಗಾಳ, ಝಾರ್ಖಂಡಗಳಿಂದ ಕಾಫಿ ತೋಟಕ್ಕೆ ಬಂದು ಲೈನಿನಲ್ಲಿ ನೆಲೆಸಿದ ಕಾರ್ಮಿಕರ ಸಂಸಾರಗಳಿಗೆ ಆ ಹಿಂದಿ ವಾಹಿನಿಗಳು ಸಂಜೆಯ ಆಸರೆಯಾಗಿವೆಯೆಂಬುದು ನಿಜ, ಸಂತೋಷದ ವಿಷಯ ಕೂಡ. ಅದೇ ಲೈನಿನ ಪಕ್ಕದ ಮನೆಯಲ್ಲಿರುವ ಕನ್ನಡದ ಅಜ್ಜಿಗೆ ಚಂದನವೊಂದನ್ನು ಬಿಟ್ಟರೆ ತನ್ನ ಮಾತು ಕೇಳುವುದೇ ಕಷ್ಟವಾಗಿರುವುದು ಅಷ್ಟೇ ನಿಜ. 2023ರ ಜನವರಿಯಲ್ಲಿ ಕೇಂದ್ರ ಸಂಪುಟವು ಒಪ್ಪಿದ 2539 ಕೋಟಿ ರೂಪಾಯಿಗಳ ಪ್ರಸಾರ ಯೋಜನೆಯಲ್ಲಿ, ದುರ್ಗಮ ಪ್ರದೇಶ, ಗಿರಿಜನರ ನೆಲೆ, ಗಡಿನಾಡು ಮುಂತಾದೆಡೆಗಳಿಗೆ 8 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಉಚಿತವಾಗಿ ಹಂಚುವ ಮಾತಿದೆ. ಹಂಚುವವರು ಆ ಪೆಟ್ಟಿಗೆಯ ಹಿಂಬದಿಗೆ ಮೂರು ಬಣ್ಣದ ತೂತುಗಳನ್ನು ಮರೆಯದೆ ಇಡಿಸಲಿ, ಮಲೆನಾಡಿಗೆ ಕಳಿಸುವಾಗ ದೊಡ್ಡ ಡಿಶ್ಶನ್ನೇ ಕಳಿಸಲಿ. ಹರಾಜು ನಡೆಸುವವರು ಪ್ರತಿಯೊಂದು ಪ್ರಾದೇಶಿಕ ಭಾಷೆಗೂ ಕೆಲವು ಜಾಗಗಳನ್ನು, ಆ ಭಾಷೆಯ ವಾಹಿನಿಗಳು ಕೊಡಬಲ್ಲ ಬೆಲೆಗೆ, ತೆಗೆದಿರಿಸಲಿ.