ಸಂಪಾದಕರಿಗೆ ‘ಬೇಡ’ ಎನ್ನುವವರು ಯಾರು?

ನೌಪಾಡಾದಂಥ ಜಾಗದಲ್ಲಿ ಬದುಕುವ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಾವು ಒಂದೇ ಪತ್ರಿಕೆಯನ್ನು ನಂಬಿ ಕೂರಬೇಕಾಗಿಲ್ಲ. ಮನೆಗೆ ಮರಾಠಿ ಪತ್ರಿಕೆ ಬರುತ್ತದೆ. ಠಾಣೆಯಿಂದ ಹೊರಟ ಲೋಕಲ್‌ನಲ್ಲಿ ಪಕ್ಕದವರ ಇಂಗ್ಲಿಷ್ ಪತ್ರಿಕೆಯ ಮೇಲೆ ಕಣ್ಣಾಡಿಸುತ್ತೇವೆ. ಊರಿನ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತೇವೆ. ಹಿರಿಯರಿರುವ ಮನೆಗಳಿಗೆ ಉದಯವಾಣಿಯ ಮುಂಬೈ ಆವೃತ್ತಿಯೋ ಕರ್ನಾಟಕ ಮಲ್ಲವೋ ಕಾಗದದ ರೂಪದಲ್ಲೇ ಬರುವುದೂ ಉಂಟು. ಹೀಗೆ ಮೂರು ಭಾಷೆಯಲ್ಲಿ ಓದುವವರಿಗೆ ಹೋಲಿಸಿ ನೋಡುವ ಚಟ ಹತ್ತಿಕೊಳ್ಳುತ್ತದೆ. ಪತ್ರಿಕೆಯವರಿಗೆ ಅದು ಅಷ್ಟಾಗಿ ಇಷ್ಟವಾಗುವ ಚಟವಲ್ಲ.

ಪತ್ರಿಕೆಯ ಸಂಪಾದಕರ ಮೇಲೆ ಸಾಮಾನ್ಯವಾಗಿ ಮೂರು ಆರೋಪಗಳು ಬರುತ್ತವೆ. ಪಕ್ಷಪಾತಿ ಎಂಬುದು ಒಂದು. ಕಚೇರಿಯನ್ನು ತನ್ನ ದರ್ಬಾರು ಮಾಡಿಕೊಂಡಿದ್ದಾರೆ ಎಂಬುದು ಇನ್ನೊಂದು. ಕೃತಿಚೌರ್ಯ ಮೂರನೆಯದು, ಅದನ್ನು ತಾವೇ ಮಾಡಿರಬಹುದು ಅಥವಾ ತಮ್ಮ ಕಣ್ಣೆದುರು ನಡೆದದ್ದನ್ನು ಬಿಟ್ಟಿರಬಹುದು. ಈ ಮೂರನ್ನೂ ನಾವು ಬೇರೆ ಬೇರೆ ದೋಷಗಳೆಂದು ಚರ್ಚಿಸುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಸಂಪಾದಕರ ಎದುರು ನಿಂತು ‘ಇದು ಬೇಡ’ ಎನ್ನುವವರು ಕಚೇರಿಯಲ್ಲಿ ಇಲ್ಲದಾದಾಗ ಮೂರೂ ಒಂದೇ ಬೇರಿನಿಂದ ಹುಟ್ಟುತ್ತವೆ.

ಮೊದಲು ದೂರದ ಪ್ರಕರಣವೊಂದನ್ನು ನೋಡೋಣ. ಅದರ ಲೆಕ್ಕವನ್ನು ಪತ್ರಿಕೆಯೇ ಮುದ್ರಿಸಿದ್ದರಿಂದ ಕಂತೆ ಪುರಾಣಕ್ಕೆ ಅಲ್ಲಿ ಜಾಗವಿಲ್ಲ. ಹೊವೆಲ್ ರೇನ್ಸ್ ಅವರು ನ್ಯೂಯಾರ್ಕ್ ಟೈಮ್ಸ್‌ನ ಕಾರ್ಯನಿರ್ವಾಹಕ ಸಂಪಾದಕರಾದದ್ದು 2001ರ ಸೆಪ್ಟೆಂಬರ್‌ನಲ್ಲಿ, ಅವಳಿ ಗೋಪುರಗಳು ಉರುಳುವ ಕೆಲವೇ ದಿನ ಮೊದಲು. ಮರುವರ್ಷ ಪತ್ರಿಕೆಗೆ ಏಳು ಪುಲಿಟ್ಜರ್ ಪ್ರಶಸ್ತಿಗಳು ಬಂದವು. ಆಗ ಅವರನ್ನು ಪ್ರಶ್ನಿಸುವ ಮಾತೇ ಇರಲಿಲ್ಲ. ಅದೇ ಹೊತ್ತಿಗೆ, 2002ರ ಏಪ್ರಿಲ್‌ನಲ್ಲಿ, ನಗರ ವಿಭಾಗದ ಸಂಪಾದಕ ಜೊನಾಥನ್ ಲ್ಯಾಂಡ್‌ಮನ್ ಕಚೇರಿಯ ಆಡಳಿತ ನೋಡುವವರಿಗೆ ಒಂದು ಇಮೇಲ್ ಕಳಿಸಿದರು. ಜೇಸನ್ ಬ್ಲೇರ್ ಎಂಬ ಯುವ ವರದಿಗಾರನಿಂದ ಬರೆಸುವುದನ್ನು ಕೂಡಲೇ ನಿಲ್ಲಿಸಿ ಎಂಬುದು ಅದರ ಸಾರ. ನಿಲ್ಲಿಸುವುದಿರಲಿ, ಆರು ತಿಂಗಳಲ್ಲಿ ಬ್ಲೇರ್‌ಗೆ ಇನ್ನೂ ದೊಡ್ಡ ಸುದ್ದಿಗಳು ಸಿಕ್ಕವು.

2003ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಒಂದು ಕುಟುಂಬದ ಬಗ್ಗೆ ಬ್ಲೇರ್ ಬರೆದ ವರದಿ ಪ್ರಕಟವಾಯಿತು. ಆ ಮನೆಯ ಮಗ ಇರಾಕ್ ಯುದ್ಧದಲ್ಲಿ ಕಾಣೆಯಾಗಿದ್ದ. ವರದಿಯ ವಿವರಗಳು ಸ್ಯಾನ್ ಆಂಟೋನಿಯೊ ಎಕ್ಸ್‌ಪ್ರೆಸ್ ನ್ಯೂಸ್ ಪತ್ರಿಕೆಯ ಮಕರೇನಾ ಹೆರ್ನಾಂಡೆಸ್ ಅವರ ವರದಿಯಿಂದ ಎತ್ತಿದ್ದು. ಆಕೆ ಆ ಮನೆಗೆ ಹೋಗಿ, ತಾಯಿಯ ಎದುರು ಕೂತು ಬರೆದಿದ್ದರು. ಬ್ಲೇರ್ ಹೋಗಿರಲೇ ಇಲ್ಲ. ಮೇ 11ರಂದು ಟೈಮ್ಸ್ ತನ್ನ ಮುಖಪುಟದಿಂದಲೇ ಆರಂಭಿಸಿ ಏಳು ಸಾವಿರಕ್ಕೂ ಹೆಚ್ಚು ಪದಗಳ ತಪ್ಪೊಪ್ಪಿಗೆಯನ್ನು ಮುದ್ರಿಸಿತು. ಹಿಂದಿನ ಅಕ್ಟೋಬರ್‌ನಿಂದ ಅವರು ಬರೆದ 73 ವರದಿಗಳಲ್ಲಿ ಕನಿಷ್ಠ 36ರಲ್ಲಿ ದೋಷಗಳಿದ್ದವು. ಕೆಲವೇ ದಿನಗಳಲ್ಲಿ ಸಿಬ್ಬಂದಿಯನ್ನೆಲ್ಲ ಒಂದು ಚಿತ್ರಮಂದಿರದಲ್ಲಿ ಸೇರಿಸಿ ಸಭೆ ನಡೆಸಲಾಯಿತು. ತನ್ನನ್ನು ಕೈಗೆ ಸಿಗದವನು, ಅಹಂಕಾರಿ ಎಂದು ಜನ ಭಾವಿಸಿದ್ದಾರೆ ಎಂದು ರೇನ್ಸ್ ಅಲ್ಲಿ ಒಪ್ಪಿಕೊಂಡರು. ಜೂನ್ 5ರಂದು ಅವರೂ ವ್ಯವಸ್ಥಾಪಕ ಸಂಪಾದಕ ಜೆರಾಲ್ಡ್ ಬಾಯ್ಡ್ ಅವರೂ ರಾಜೀನಾಮೆ ಕೊಟ್ಟರು.

ಇದನ್ನು ಕಳ್ಳ ವರದಿಗಾರನೊಬ್ಬನ ಕಥೆ ಎಂದು ಓದಿದರೆ ಅರ್ಧ ಓದಿದಂತೆ. ಅದಕ್ಕೂ ಮೊದಲು, 2002ರ ಕೊನೆಯಲ್ಲಿ, ಮಹಿಳೆಯರಿಗೆ ಸದಸ್ಯತ್ವ ಕೊಡದ ಅಗಸ್ಟಾ ಗಾಲ್ಫ್ ಕ್ಲಬ್ಬಿನ ವಿಷಯವನ್ನು ಪತ್ರಿಕೆ ಆಂದೋಲನದಂತೆ ಎತ್ತಿಕೊಂಡಿತ್ತು. ವಿಷಯ ನ್ಯಾಯವಾದದ್ದೇ. ಆದರೆ ಪತ್ರಿಕೆಯ ನಿಲುವಿಗೆ ಹೊಂದದ ಮಾತಾಡಿದ ತನ್ನದೇ ಇಬ್ಬರು ಕ್ರೀಡಾ ಅಂಕಣಕಾರರ ಬರಹಗಳನ್ನು ಅದು ತಡೆಹಿಡಿಯಿತು. ಗುಲ್ಲೆದ್ದ ಮೇಲೆ ಮುದ್ರಿಸಿತು. ಪಕ್ಷಪಾತ, ದರ್ಬಾರು, ಕಳವು ಒಂದರ ಹಿಂದೆ ಒಂದು ಬಂದದ್ದು ಆಕಸ್ಮಿಕವಲ್ಲ. ಗಾಲ್ಫ್ ಬಗ್ಗೆ ಬೇರೆ ಮಾತಾಡಿದ ಅಂಕಣಕಾರನಿಗೇ ಜಾಗವಿಲ್ಲದ ಕಚೇರಿಯಲ್ಲಿ, ಬ್ಲೇರ್ ಬಗ್ಗೆ ಎಚ್ಚರಿಸಿದವರ ಇಮೇಲ್ ಯಾರ ಮೇಜಿನ ಮೇಲೆ ಉಳಿಯುತ್ತದೆ?

ನಮ್ಮ ದೇಶದಲ್ಲಿ ಕೆಳಗಿನವರ ಕಳವಿಗಿಂತ ಮೇಲಿನವರದೇ ಹೆಚ್ಚು ಸದ್ದು ಮಾಡಿದೆ. 1999ರಲ್ಲಿ ಹಿಂದೂಸ್ತಾನ್ ಟೈಮ್ಸ್‌ನ ಸಂಪಾದಕ ವಿ.ಎನ್. ನಾರಾಯಣನ್ ತಮ್ಮ ಅಂಕಣದಲ್ಲಿ ಲಂಡನ್ನಿನ ಸಂಡೇ ಟೈಮ್ಸ್‌ನ ಬ್ರಯಾನ್ ಆಪಲ್‌ಯಾರ್ಡ್ ಅವರ ಬರಹವನ್ನು ಬಳಸಿಕೊಂಡದ್ದು ಬಯಲಾಗಿ ಹುದ್ದೆ ಬಿಡಬೇಕಾಯಿತು. 2010ರಲ್ಲಿ ಇಂಡಿಯಾ ಟುಡೇಯ ಅರುಣ್ ಪುರಿ ಅವರ ಹೆಸರಿನಲ್ಲಿ ರಜನಿಕಾಂತ್ ಬಗ್ಗೆ ಬಂದ ಸಂಪಾದಕರ ಪತ್ರದಲ್ಲಿ, ಸ್ಲೇಟ್ ಪತ್ರಿಕೆಗೆ ಗ್ರೇಡಿ ಹೆಂಡ್ರಿಕ್ಸ್ ಬರೆದ ಸಾಲುಗಳಿದ್ದವು. ಪುರಿಯವರು ಕ್ಷಮೆ ಕೇಳಿದರು. ಜೊತೆಗೆ, ವಿಮಾನಯಾನದ ಆಯಾಸದಲ್ಲಿದ್ದೆ, ಕಚೇರಿಯಿಂದ ಬಂದ ಟಿಪ್ಪಣಿಯನ್ನು ಬಳಸಿಕೊಂಡೆ ಎಂಬರ್ಥದ ವಿವರಣೆಯನ್ನೂ ಕೊಟ್ಟರು. ಕಳವಿಗಿಂತ ಆ ವಿವರಣೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಯಾರೋ ಒಟ್ಟುಮಾಡಿ ಕೊಟ್ಟದ್ದರ ಕೆಳಗೆ ಸಂಪಾದಕರ ಸಹಿ ಬೀಳುವುದು ಅಲ್ಲಿ ಮಾಮೂಲಿ ವ್ಯವಸ್ಥೆ. ಒಟ್ಟುಮಾಡಿದವರಿಗೆ ಹೆಸರಿಲ್ಲ, ಹೆಸರಿದ್ದವರಿಗೆ ಒಟ್ಟುಮಾಡಿದ್ದು ಗೊತ್ತಿಲ್ಲ.

ಇನ್ನು ನಮ್ಮ ಬಾಗಿಲಿಗೇ ಬರುವ ಪತ್ರಿಕೆ. 2016ರ ಮಾರ್ಚ್‌ನಲ್ಲಿ ಮದರ್ ತೆರೇಸಾ ಅವರಿಗೆ ಸಂತ ಪದವಿ ಘೋಷಣೆಯಾದಾಗ ಲೋಕಸತ್ತಾ ‘ಅಸಂತಾಂಚೆ ಸಂತ’ ಎಂಬ ಕಟುವಾದ ಸಂಪಾದಕೀಯ ಬರೆಯಿತು. ಸಂಪಾದಕರು ಗಿರೀಶ್ ಕುಬೇರ್. ಮರುದಿನವೇ, ಭಾವನೆಗಳಿಗೆ ನೋವಾಗಿದೆ ಎಂದು ವಿಷಾದಿಸಿ ಪತ್ರಿಕೆ ಅದನ್ನು ಹಿಂದಕ್ಕೆ ಪಡೆಯಿತು. ಇಲ್ಲಿ ಕಳವಿನ ಪ್ರಶ್ನೆಯಿಲ್ಲ, ಆದರೆ ನಾಯಕತ್ವದ ಪ್ರಶ್ನೆ ಇದೆ. ಸಂಪಾದಕೀಯದಲ್ಲಿ ತಪ್ಪು ಮಾಹಿತಿ ಇತ್ತೆ? ಇದ್ದರೆ ಯಾವುದು? ಇಲ್ಲದಿದ್ದರೆ ಹಿಂದಕ್ಕೆ ಪಡೆದದ್ದೇಕೆ? ಓದುಗನಿಗೆ ಬೇಕಿದ್ದದ್ದು ಈ ಉತ್ತರ. ಬರೆಯುವ ಮುನ್ನ ಕಚೇರಿಯೊಳಗೆ ಯಾರಾದರೂ ‘ಬೇಡ’ ಅಥವಾ ‘ಹೀಗೆ ಬೇಡ’ ಎಂದಿದ್ದರೆ, ಬರೆದ ಮೇಲೆ ಹೊರಗಿನವರು ‘ಬೇಡ’ ಎಂದಾಗ ಪತ್ರಿಕೆ ನೆಟ್ಟಗೆ ನಿಲ್ಲಬಹುದಿತ್ತು. ಒಳಗೆ ವಾದಕ್ಕೆ ಒಗ್ಗದ ಪತ್ರಿಕೆಗೆ ಹೊರಗಿನ ಒತ್ತಡವನ್ನು ತಡೆಯುವ ಬೆನ್ನೆಲುಬೂ ಇರುವುದಿಲ್ಲ.

ಇದನ್ನು ಹೇಳುವಾಗಲೇ ಇನ್ನೊಂದನ್ನೂ ಹೇಳಬೇಕು. 2021ರ ಡಿಸೆಂಬರ್‌ನಲ್ಲಿ ನಾಶಿಕ್‌ನ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ ಇದೇ ಕುಬೇರ್ ಅವರ ಮುಖಕ್ಕೆ, ಅವರ ‘ರೆನೆಸಾನ್ಸ್ ಸ್ಟೇಟ್’ ಪುಸ್ತಕದ ಕಾರಣಕ್ಕೆ, ಮಸಿ ಎರಚಿದರು. ಸಂಪಾದಕರನ್ನು ಟೀಕಿಸುವುದು ಓದುಗರ ಹಕ್ಕು. ಮಸಿ ಎರಚುವುದು ಟೀಕೆಯಲ್ಲ. ಅದೂ ಬಾಯಿ ಮುಚ್ಚಿಸುವ ದರ್ಬಾರೇ.

ಹಾಗಾದರೆ ಸಂಪಾದಕರಿಗೆ ನಿಲುವು ಇರಬಾರದೆ? ಖಂಡಿತ ಇರಬೇಕು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆಯ ಮೇಲೆ ಅದರ ಸಂಪಾದಕರ ಹೆಸರೇ ಇತ್ತು. ಅವರ ಒಲವು, ಸಿಟ್ಟು ಯಾವುದೂ ಗುಟ್ಟಾಗಿರಲಿಲ್ಲ. ಕೊಳ್ಳುವವರು ಅದನ್ನು ತಿಳಿದೇ ಕೊಳ್ಳುತ್ತಿದ್ದರು. ಸಂಪಾದಕೀಯದಲ್ಲಿ ಹೇಳಬೇಕಾದ ನಿಲುವನ್ನು ಸುದ್ದಿಯ ತಲೆಬರಹದಲ್ಲಿ ಅಡಗಿಸಿಟ್ಟು, ಅದಕ್ಕೆ ಎದುರು ಮಾತನ್ನು ಕಸದ ಬುಟ್ಟಿಗೆ ಹಾಕುವುದೇ ಪಕ್ಷಪಾತ. ನಿಲುವಿರುವ ಸಂಪಾದಕರು ನಮಗೆ ಬೇಕು. ಮರೆಮಾಚುವವರು ಬೇಡ.

ಕೃತಿಚೌರ್ಯದಲ್ಲೂ ಅಪರಾಧ ಇರುವುದು ಮರೆಮಾಚುವುದರಲ್ಲೇ. ಎರವಲು ಪಡೆಯುವುದು ಕನ್ನಡಕ್ಕೆ ಅವಮಾನವಲ್ಲ. ವ್ಯಾಸನ ಕಥೆಯನ್ನು ಎತ್ತಿಕೊಂಡ ಪಂಪ ಮೊದಲಲ್ಲೇ ವ್ಯಾಸನಿಗೆ ನಮಿಸಿ ತನಗೆ ಗರ್ವವಿಲ್ಲ ಎಂದ. ಬಿ.ಎಂ. ಶ್ರೀ ತಮ್ಮ ಅನುವಾದಗಳಿಗೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಎಲ್ಲಿಂದ ತಂದದ್ದು ಎಂಬುದು ಪುಸ್ತಕದ ಹಣೆಯ ಮೇಲೇ ಇದೆ. ಅಂಥ ಭಾಷೆಯಲ್ಲಿ ಮೂಲದ ಹೆಸರು ಹೇಳಲು ನಾಚುವ ಪತ್ರಕರ್ತರಿದ್ದಾರೆ ಎಂಬುದೇ ಬೇಸರ.

ಇದ್ದಾರೆ ಎಂದು ಹೇಗೆ ಗೊತ್ತು ಎನ್ನುವಿರಾ? ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮುಂಬೈಯ ಹಳೆಯ ಚಾಳುಗಳ ಬಗ್ಗೆ ಲೇಖನ ಬಂದಿತ್ತು. ಚಾಳು ಕೆಡವಿದ ಮೇಲೆ ಹೊಸ ಮನೆಗಾಗಿ ಕಾಯುತ್ತಿರುವವರ ಕಥೆ. ಅದರಲ್ಲಿ ‘ಮನೆ ಕೈಗೆ ಬರಲು ಇನ್ನೂ ಅವಕಾಶವಿದೆ’ ಎಂದಿತ್ತು. ಕನ್ನಡದಲ್ಲಿ ಓದಿದರೆ, ಪಾಪ, ಮನೆ ಸಿಗುವ ಸಾಧ್ಯತೆ ಉಳಿದಿದೆ ಎಂಬ ಭರವಸೆ. ಆದರೆ ಮರಾಠಿಯಲ್ಲಿ ‘ಅಜೂನ್ ಅವಕಾಶ ಆಹೆ’ ಎಂದರೆ ಅದಕ್ಕೆ ಇನ್ನೂ ಕಾಲ ಹಿಡಿಯುತ್ತದೆ ಎಂದರ್ಥ. ಆ ಒಂದು ಪದದಲ್ಲಿ ಕಳ್ಳನ ಹೆಬ್ಬೆರಳಿನ ಗುರುತು ಇತ್ತು. ಹುಡುಕಿದಾಗ ಮೂರು ವಾರ ಹಿಂದಿನ ಮರಾಠಿ ಪುರವಣಿಯಲ್ಲಿ ಮೂಲ ಸಿಕ್ಕಿತು. ಕಥೆಗಳು ಅವೇ, ಕ್ರಮ ಅದೇ, ಲೇಖಕರ ಹೆಸರು ಮಾತ್ರ ಬೇರೆ. ಎರಡೂ ಕತ್ತರಿಕೆಗಳನ್ನು ಜೊತೆಗಿಟ್ಟು ಸಂಪಾದಕರಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಮರುತಿಂಗಳು ಅದೇ ಹೆಸರಿನಲ್ಲಿ ಇನ್ನೊಂದು ಲೇಖನ ಬಂತು.

ಆ ಮೌನದಿಂದ ನಷ್ಟವಾದದ್ದು ಇಬ್ಬರಿಗೆ. ಮೆಟ್ಟಿಲು ಹತ್ತಿ ಇಳಿದು ಚಾಳಿನವರನ್ನು ಮಾತಾಡಿಸಿದ ಮರಾಠಿ ಬರಹಗಾರರ ಶ್ರಮ ಕನ್ನಡದಲ್ಲಿ ಹೆಸರಿಲ್ಲದೆ ಹೋಯಿತು. ಗದಗಿನಲ್ಲೋ ಉಡುಪಿಯಲ್ಲೋ ಕೂತು ಅದನ್ನು ಓದಿದವರಿಗೆ, ಮನೆಯಿಲ್ಲದೆ ವರ್ಷಗಟ್ಟಲೆ ಕಾಯಬೇಕಾದವರ ಸ್ಥಿತಿ ಭರವಸೆಯಂತೆ ಕಂಡಿತು. ಕದ್ದ ಬರಹಕ್ಕೆ ಪ್ರಶ್ನೆ ಕೇಳಲು ಬರುವುದಿಲ್ಲ. ಏಕೆಂದರೆ ಕದ್ದವರು ಆ ಜಾಗಕ್ಕೆ ಹೋಗಿಯೇ ಇರುವುದಿಲ್ಲ.

ಇಂಥದ್ದಕ್ಕೆ ಹೊಣೆ ಯಾರು ಎಂಬ ಗೊಂದಲ ಕಾನೂನಿಗೂ ಇರಲಿಲ್ಲ. 1867ರಿಂದ ಈಚಿನವರೆಗೂ ನಡೆದ ಪತ್ರಿಕಾ ಕಾಯ್ದೆ ಪತ್ರಿಕೆಯಲ್ಲಿ ಏನು ಬರಬೇಕೆಂಬ ಆಯ್ಕೆ ಯಾರ ಕೈಯಲ್ಲಿದೆಯೋ ಅವರನ್ನೇ ಸಂಪಾದಕ ಎಂದು ಕರೆಯುತ್ತಿತ್ತು. ಪ್ರತಿ ಸಂಚಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅವರ ಹೆಸರು ಇರುತ್ತಿದ್ದದ್ದು ಅದಕ್ಕೇ. ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳಲ್ಲೂ ಇನ್ನೊಬ್ಬರ ಬರಹವನ್ನು ತನ್ನದೆಂದು ಕೊಡುವುದು ವೃತ್ತಿಧರ್ಮಕ್ಕೆ ವಿರುದ್ಧ. ಆದರೆ ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ವಿಧಿಸಲಾಗದು. ಹಾಗಾಗಿ ಕೊನೆಗೆ ಉಳಿಯುವುದು ಕಚೇರಿಯೊಳಗಿನ ವ್ಯವಸ್ಥೆಯೇ.

ಬ್ಲೇರ್ ಪ್ರಕರಣದ ನಂತರ ಟೈಮ್ಸ್ ಓದುಗರ ಪರವಾಗಿ ಪತ್ರಿಕೆಯನ್ನೇ ಪ್ರಶ್ನಿಸುವ ‘ಪಬ್ಲಿಕ್ ಎಡಿಟರ್’ ಹುದ್ದೆ ಮಾಡಿತು. 2017ರಲ್ಲಿ ಅದನ್ನು ತೆಗೆದುಹಾಕಿತು. ನಮ್ಮಲ್ಲಿ ದಿ ಹಿಂದೂ 2006ರಲ್ಲಿ ಓದುಗರ ಸಂಪಾದಕರನ್ನು ನೇಮಿಸಿತು. ಇದೇನೂ ಮಂತ್ರದಂಡವಲ್ಲ. ಆದರೂ ದೂರು ಕೊಟ್ಟವನಿಗೆ ಉತ್ತರ ಕೊಡುವ, ಸಂಪಾದಕರ ಮರ್ಜಿಗೆ ಒಳಪಡದ ಒಬ್ಬ ಮನುಷ್ಯ ಕಚೇರಿಯಲ್ಲಿದ್ದಾನೆ ಎಂಬುದೇ ಉಳಿದವರ ಕೈ ಬಿಗಿಹಿಡಿಯುತ್ತದೆ. ನಮ್ಮ ದೊಡ್ಡ ಕನ್ನಡ ಪತ್ರಿಕೆಗಳಿಗೆ ಅಂಥ ಒಬ್ಬರ ಸಂಬಳ ಭಾರವಾಗಲಾರದು.

ಅಲ್ಲಿಯವರೆಗೆ ಕೆಲಸ ನಮ್ಮದು. ಊರು ಬಿಟ್ಟು ಬಂದವರು ಭಾಷೆಗೆ ಏನು ಮಾಡಿದಿರಿ ಎಂದು ನಮ್ಮನ್ನು ಆಗಾಗ ಕೇಳುತ್ತಾರೆ. ನಮ್ಮಲ್ಲಿರುವುದು ಮೂರು ಭಾಷೆಯ ಓದು, ಅದನ್ನೇ ಕೊಡೋಣ. ಕದ್ದದ್ದು ಕಂಡರೆ ಎರಡೂ ಪಠ್ಯಗಳನ್ನು ಜೋಡಿಸಿ, ದಿನಾಂಕ ಹಾಕಿ, ಮೂಲ ಲೇಖಕರಿಗೂ ಒಂದು ಪ್ರತಿ ಕಳಿಸೋಣ. ನಮಗೆ ಹಿಡಿಸದ ನಿಲುವಿನ ಪತ್ರಿಕೆಯಾದರೆ ಮಾತ್ರ ಅಲ್ಲ, ನಮಗೆ ಹಿಡಿಸುವ ಸಂಪಾದಕರಿದ್ದರೂ ಕಳಿಸಬೇಕು. ಇಲ್ಲವಾದರೆ ನಾವೂ ಅವರ ದರ್ಬಾರಿನಲ್ಲಿ ತಲೆಯಾಡಿಸುವವರೇ.