ಚಂದ್ರಿಗೆ ಸಲ್ಲಬೇಕಾದ ಬಾಕಿ

ಈ ಸಲ ‘ಸಂಸ್ಕಾರ’ವನ್ನು ಓದುವಾಗ ಪಕ್ಕದಲ್ಲಿ ಬೈಬಲ್ಲಿನ ಯಾಜಕಕಾಂಡವನ್ನೂ ಇಟ್ಟುಕೊಂಡಿದ್ದೆ. ವಿಚಿತ್ರ ಜೋಡಿ ಅನ್ನಿಸಬಹುದು. ಆದರೆ ಎರಡರ ತಲೆನೋವೂ ಒಂದೇ: ಮೈಲಿಗೆ ಆಯ್ತು, ಈಗ ಯಾರು ಏನು ಕೊಟ್ಟು ಅದನ್ನ ಕಳೀಬೇಕು?

ನಮ್ಮ ಮೈಸೂರಲ್ಲಿ ಓದಿ, ಮುಂದೆ ಇಲ್ಲೇ ಇಂಗ್ಲಿಷ್ ಪಾಠ ಮಾಡಿದ ಅನಂತಮೂರ್ತಿಯವರು ಇದನ್ನ ಬರೆದಿದ್ದು ಇಂಗ್ಲೆಂಡಿನಲ್ಲಿದ್ದಾಗ, ಪ್ರಕಟವಾಗಿದ್ದು 1965ರಲ್ಲಿ. ಕಥೆ ಗೊತ್ತಿರುತ್ತೆ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ. ಹೆಣ ಎತ್ತೋವರೆಗೆ ಯಾರೂ ಉಣ್ಣೋ ಹಾಗಿಲ್ಲ, ಪೂಜೆ ಮಾಡೋ ಹಾಗಿಲ್ಲ. ಸಂಸ್ಕಾರ ಯಾರು ಮಾಡಬೇಕು ಅಂತ ಪ್ರಾಣೇಶಾಚಾರ್ಯರು ಗ್ರಂಥ ಹುಡುಕುತ್ತಾ ಕೂರುತ್ತಾರೆ.

ಪ್ರಾಚೀನ ಇಸ್ರೇಲಿನಲ್ಲೂ ಪಾಪದ ಕಲೆ ಮಾಡಿದವನ ಮೈಗಷ್ಟೇ ಅಲ್ಲ, ಎಲ್ಲರ ನಡುವಿನ ದೇವರ ಗುಡಾರಕ್ಕೂ ಅಂಟುತ್ತಿತ್ತು. ಅದಕ್ಕೇ ವರ್ಷಕ್ಕೊಮ್ಮೆ ಎರಡು ಹೋತ. ಒಂದರ ರಕ್ತವನ್ನ ಒಳಗರ್ಭಗುಡಿಯಲ್ಲಿ ಚಿಮುಕಿಸೋದು, ಇನ್ನೊಂದರ ತಲೆ ಮೇಲೆ ಕೈಯಿಟ್ಟು ಜನರ ತಪ್ಪೆಲ್ಲ ಹೇಳಿ ಅಡವಿಗೆ ಅಟ್ಟೋದು. ಆದರೆ ಅದಕ್ಕೂ ಮುಂಚೆ ಮಹಾಯಾಜಕ ತನ್ನ ಪಾಪಕ್ಕೆ, ತನ್ನ ಮನೆಯವರ ಪಾಪಕ್ಕೆ ಒಂದು ಹೋರಿ ಕೊಡಬೇಕು. ಅಗ್ರಹಾರದವರು ತಪ್ಪಿಸಿಕೊಳ್ಳೋದು ಇಲ್ಲೇ. ನಾರಣಪ್ಪನ ಪಾಪದ ಪಟ್ಟಿ ಎಲ್ಲರಿಗೂ ಬಾಯಿಪಾಠ, ಸ್ವಂತದ್ದು ಬಿಚ್ಚಿಡೋರು ಯಾರೂ ಇಲ್ಲ. ಮೈಮೇಲಿನ ಚಿನ್ನ ಬಿಚ್ಚಿಟ್ಟವಳು ಚಂದ್ರಿ. ಅದನ್ನ ನೋಡಿ ಉಳಿದವರ ಬಾಯಲ್ಲಿ ನೀರು. ಕೊನೆಗೆ ರಾತ್ರೋರಾತ್ರಿ ಅಹ್ಮದ್ ಬ್ಯಾರಿಯ ಗಾಡಿಯಲ್ಲಿ ಹೆಣ ಸಾಗಿಸಿ ಸುಡಿಸಿದ್ದೂ ಅವಳೇ. ಅದು ಗೊತ್ತಿಲ್ಲದ ಬ್ರಾಹ್ಮಣರು ಪರಿಹಾರ ಕೇಳಿಕೊಂಡು ಮಠದವರೆಗೂ ಹೋಗುತ್ತಾರೆ. ಕನ್ನಡದಲ್ಲಿ ಇದಕ್ಕಿಂತ ಕಹಿಯಾದ ಹಾಸ್ಯ ನಾನು ಓದಿಲ್ಲ.

ನನ್ನ ತಕರಾರು ಕೊನೆಯ ಭಾಗದ್ದು. ಹೆಂಡತಿ ಸತ್ತ ಸೂತಕದಲ್ಲೇ ಆಚಾರ್ಯರು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕೂರುತ್ತಾರೆ. ಆ ಭಯದ ಪುಟಗಳು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಕುಂದಾಪುರಕ್ಕೆ, ಚಂದ್ರಿ ಹತ್ತಿರ ಹೋಗೋ ಯೋಚನೆ ಬಿಟ್ಟು, ಬ್ರಾಹ್ಮಣರ ಮುಂದೆ ಎಲ್ಲ ಹೇಳಿಬಿಡೋಣ ಅಂತ ದೂರ್ವಾಸಪುರದ ಕಡೆಗೇ ಹೊರಡುತ್ತಾರೆ. ಅಸ್ತಿತ್ವವಾದ, ಆಯ್ಕೆಯ ಸಂಕಟ ಅಂತೆಲ್ಲ ಈ ಅಂತ್ಯವನ್ನ ಹೊಗಳಿದ್ದು ಸಾಕಷ್ಟಿದೆ. ನನಗೆ ನೆನಪಾಗೋದು ಯಾಜಕಕಾಂಡದ ಒಂದು ಒಣ ನಿಯಮ. ಇನ್ನೊಬ್ಬರದ್ದನ್ನ ಮೋಸದಿಂದ ಇಟ್ಟುಕೊಂಡವನು ಅದನ್ನ ಪೂರ್ತಿ ವಾಪಸ್ ಕೊಡಬೇಕು, ಮೇಲೆ ಐದನೇ ಒಂದು ಪಾಲು ಸೇರಿಸಿ, ಅದೂ ಯಾರದ್ದೋ ಅವರ ಕೈಗೇ. ದೇವರಿಗೆ ಟಗರು ಒಪ್ಪಿಸಿದ ಮಾತ್ರಕ್ಕೆ ಆ ಬಾಕಿ ತೀರಲ್ಲ.

ಕಾಡಿನ ಆ ರಾತ್ರಿಯ ನಂತರ ಆಚಾರ್ಯರು ಬಾಯಿಬಿಡಲಿಲ್ಲ. ಹೆಣದ ಭಾರ ಪೂರ್ತಿ ಚಂದ್ರಿಯ ಮೇಲೆ ಬಿತ್ತು. ಹಾಗಾದರೆ ಬಾಕಿ ಇರೋದು ಅವಳಿಗೆ, ಬ್ರಾಹ್ಮಣರಿಗಲ್ಲ. (ಜೂನಿಯರ್‌ಗೆ ಹೇಳಬೇಕಾದ ಸಾರಿಯನ್ನ ಮೀಟಿಂಗಲ್ಲಿ ಮ್ಯಾನೇಜರ್ ಮುಂದೆ ಹೇಳೋರು ನಿಮ್ಮ ಆಫೀಸಲ್ಲೂ ಇರ್ತಾರೆ.) ಆಚಾರ್ಯರ ಒದ್ದಾಟಕ್ಕೆ ಪುಟಗಟ್ಟಲೆ ಜಾಗ ಕೊಟ್ಟ ಕಾದಂಬರಿ ಚಂದ್ರಿಯನ್ನ ಕುಂದಾಪುರದ ದಾರಿ ಹಿಡಿಸಿ ಸುಮ್ಮನಾಗುತ್ತೆ. ಆಚಾರ್ಯರು ಊರು ಮುಟ್ಟಿ ಏನು ಹೇಳಿದರು ಅಂತ ಎಲ್ಲರೂ ಕೇಳುತ್ತಾರೆ. ಕುಂದಾಪುರದಲ್ಲಿ ಅವಳು ಏನಾದಳು ಅಂತ ಕೇಳಿದವರು ನನಗಿನ್ನೂ ಸಿಕ್ಕಿಲ್ಲ.