ಗುಡವಿ ಕೆರೆಗೆ ಎಷ್ಟು ಜನ ಸಾಕು?

ಸೊರಬದಿಂದ ಬನವಾಸಿಗೆ ಹೋಗುವ ಹಾದಿಯಲ್ಲಿ ಗುಡವಿ ಸಿಗುತ್ತದೆ. ಮುಂಗಾರು ಹಿಡಿದು ಕೆರೆ ತುಂಬಿತೆಂದರೆ, ನೀರಲ್ಲಿ ನಿಂತ ಮರಗಳ ಮೇಲೆಲ್ಲ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳ ಸಂಸಾರ. 1989ರಲ್ಲಿ ಪಕ್ಷಿಧಾಮವಾದ ಈ ಜಾಗ ಮುಕ್ಕಾಲು ಚದರ ಕಿಲೋಮೀಟರೂ ಇಲ್ಲ. ಇದರ ಜೊತೆಗೆ ಚಂದ್ರಗುತ್ತಿಯ ಬೆಟ್ಟ, ಶಿಕಾರಿಪುರದ ಬಳ್ಳಿಗಾವಿ ಮತ್ತು ತಾಳಗುಂದ, ಆಚೆಯ ಬನವಾಸಿ ಇವನ್ನೆಲ್ಲ ಪೋಣಿಸಿದರೆ ಪರಿಸರ ಪ್ರವಾಸೋದ್ಯಮಕ್ಕೆ ಇದಕ್ಕಿಂತ ಒಳ್ಳೆಯ ಸೀಮೆ ಬೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ. ಆದರೆ ಬಂದವರ ತಲೆ ಎಣಿಸಿ, ಕಟ್ಟಿದ ಕಟ್ಟಡ ತೋರಿಸಿ ಅಭಿವೃದ್ಧಿಯನ್ನು ಅಳೆಯುವ ನಮ್ಮ ರೂಢಿ ಇಲ್ಲಿಗೆ ಹೊಂದುವುದಿಲ್ಲ.

ಮೊದಲ ತೊಡಕು ಕಾಲದ್ದು. ಗುಡವಿಯಲ್ಲಿ ನೋಡುವಂಥದ್ದು ಇರುವುದು ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುವ ತಿಂಗಳುಗಳಲ್ಲಿ. ಪ್ರವಾಸಿಗೆ ಅದೇ ಹಂಗಾಮು, ಹಕ್ಕಿಗೆ ಅದೇ ಬಾಣಂತನ. ಗದ್ದಲಕ್ಕೆ ತಾಯಿಹಕ್ಕಿ ಗೂಡು ಬಿಟ್ಟು ಹಾರಿದರೆ ಮೊಟ್ಟೆ, ಮರಿಗಳು ಮಳೆಗೆ ಸಿಕ್ಕುತ್ತವೆ, ಕಾಗೆ ಹದ್ದುಗಳ ಪಾಲಾಗುತ್ತವೆ. ಹಾಗಾಗಿ ಆದಾಯ ಬರುವ ತಿಂಗಳಲ್ಲೇ ಕೈ ಬಿಗಿಹಿಡಿಯಬೇಕು. ಯಾವ ವ್ಯಾಪಾರಕ್ಕೂ ಇದು ಸುಲಭವಲ್ಲ.

ಎರಡನೆಯದು ನೀರು. ಹಕ್ಕಿಗೆ ಬೇಕಾದದ್ದು ಬರೀ ಮರವಲ್ಲ, ನೀರಲ್ಲಿ ನಿಂತ ಮರ. ಬುಡದಲ್ಲಿ ನೀರಿದ್ದರೆ ಬೆಕ್ಕು, ನರಿ ಹತ್ತಿರ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಈ ಕಾವಲೇ ಹೋಗುತ್ತದೆ. ಕೆರೆಗೆ ನೀರು ಬರುವುದು ಪಕ್ಷಿಧಾಮದ ಬೇಲಿಯಾಚೆಯ ಕಾಡು, ಗದ್ದೆ, ಹಳ್ಳಗಳಿಂದ. ದಂಡೆಯ ಮೇಲೆ ಎಷ್ಟೇ ಅಂದದ ವೀಕ್ಷಣಾ ಗೋಪುರ ಎಬ್ಬಿಸಿದರೂ ಮೇಲಿನ ಹಳ್ಳ ಹೂಳು ತುಂಬಿಕೊಂಡರೆ ನೋಡಲು ಏನೂ ಉಳಿಯುವುದಿಲ್ಲ.

ಚಂದ್ರಗುತ್ತಿಯ ಕಷ್ಟ ಬೇರೆ ಬಗೆಯದು. ಅಲ್ಲಿ ಕಾಡಿದೆ, ಕೋಟೆಯಿದೆ, ಕಲ್ಲುಗುಹೆಯಲ್ಲಿ ರೇಣುಕಾಂಬೆಯಿದ್ದಾಳೆ. ಬರುವವರಲ್ಲಿ ಹೆಚ್ಚಿನವರು ಪ್ರವಾಸಿಗಳಲ್ಲ, ಹರಕೆ ಹೊತ್ತವರು. 1986ರಲ್ಲಿ ಇಲ್ಲಿ ಭಕ್ತರು ಬೆತ್ತಲಾಗಿ ಹರಕೆ ತೀರಿಸುವ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು, ಆಮೇಲೆ ಆ ಆಚರಣೆ ನಿಷೇಧವಾಯಿತು. ಅದನ್ನು ಮುಚ್ಚಿಟ್ಟು ಬೆಟ್ಟದ ಸೊಬಗನ್ನಷ್ಟೇ ತೋರಿಸಿದರೆ ಪರಂಪರೆಯನ್ನು ಅರ್ಧ ಹೇಳಿದಂತೆ. ಇಲ್ಲಿ ಪರಿಸರಸ್ನೇಹಿ ಎಂಬ ಮಾತಿನ ಮೊದಲ ಪರೀಕ್ಷೆ ಜಾತ್ರೆಯ ಮರುದಿನ ಬೆಟ್ಟದ ಬುಡ ಹೇಗಿರುತ್ತದೆ ಎಂಬುದು. ಯಾತ್ರಿಕರಿಗೆ ಶೌಚಾಲಯ, ಕುಡಿಯುವ ನೀರು, ಕಸ ಹೊರುವ ವ್ಯವಸ್ಥೆ ಇಲ್ಲದೆ ರೆಸಾರ್ಟಿನ ಕನಸು ಕಾಣುವುದು ಅನ್ಯಾಯ.

ಸೀಮೆ ಒಂದೇ ಆದರೂ ಆಡಳಿತ ಹರಿದು ಹಂಚಿದೆ. ಕೆರೆ ಅರಣ್ಯ ಇಲಾಖೆಯದು, ಪ್ರಾಚೀನ ಸ್ಮಾರಕಗಳು ಪುರಾತತ್ವದವರ ಕೈಯಲ್ಲಿ, ಬನವಾಸಿಯಂತೂ ಉತ್ತರ ಕನ್ನಡ ಜಿಲ್ಲೆಗೆ ಸೇರಿದ್ದು. ಕದಂಬರ ಕತೆ ಹೇಳುವ ತಾಳಗುಂದದ ಶಾಸನ ಓದಿದವನು ಬನವಾಸಿಗೆ ಹೋಗದೆ ಇರಲಾರ. ಅವನ ಹಾದಿಗೆ ಜಿಲ್ಲೆಯ ಗಡಿ ಇಲ್ಲ, ಯೋಜನೆಗಳಿಗೆ ಇದೆ.

ಹಾಗಾದರೆ ಅಳತೆ ಎಲ್ಲಿಂದ ತರೋಣ? ಸೊರಬದಲ್ಲೇ ಇದೆ, ಊರವರು ಕಾದುಕೊಂಡು ಬಂದ ದಟ್ಟ ಕಾಡುಗಳಾದ ಕಾನುಗಳಲ್ಲಿ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ತಾಲ್ಲೂಕಿನ 171 ಕಾನುಗಳನ್ನು ಪಟ್ಟಿ ಮಾಡಿದ್ದರು. ಊರವರು ಅಲ್ಲಿಂದ ಕಾಳುಮೆಣಸು ಕೊಯ್ದರು, ಬಗನಿ ಮರದಿಂದ ಕಳ್ಳು ಇಳಿಸಿದರು. ಆದರೂ ಕಾನು ಕಾನಾಗಿಯೇ ಉಳಿಯಿತು, ಏಕೆಂದರೆ ಅಲ್ಲಿ ದೇವರಿತ್ತು, ನೀರಿನ ಸೆಲೆಯಿತ್ತು, ತೆಗೆದುಕೊಳ್ಳುವುದಕ್ಕೆ ಮಿತಿಯಿತ್ತು. ಬಳಕೆ ಬೇಡವೆಂದು ಅವರು ಹೇಳಲಿಲ್ಲ, ಇಷ್ಟೇ ಸಾಕೆಂದರು. ಮದ್ದೂರಿನ ಕೊಕ್ಕರೆ ಬೆಳ್ಳೂರಿನಲ್ಲೂ ಹಕ್ಕಿ ಉಳಿದದ್ದು ಊರವರಿಂದಲೇ. ಗೂಡಿಗೆ ಮರ ಬಿಟ್ಟುಕೊಟ್ಟ ರೈತರಿಗೆ ಅರಣ್ಯ ಇಲಾಖೆ ಪರಿಹಾರವನ್ನೂ ಕೊಟ್ಟಿತು.

ಗುಡವಿಗೂ ಅಂಥದೇ ಮಿತಿ ಬೇಕು. ಮರಿ ಮಾಡುವ ತಿಂಗಳಲ್ಲಿ ದಿನಕ್ಕೆ ಇಷ್ಟೇ ಜನ ಎಂದು ಗೊತ್ತುಮಾಡಲಿ. ಟಿಕೆಟ್ಟಿನ ಹಣದ ಒಂದು ಪಾಲು ಮೇಲಿನ ಹಳ್ಳದ ಹೂಳು ತೆಗೆಯಲು ಹೋಗಲಿ. ಹಕ್ಕಿಯ ಹೆಸರು ಹೇಳುವ ಕೆಲಸ ಊರಿನ ಹುಡುಗ ಹುಡುಗಿಯರಿಗೆ ಸಿಗಲಿ, ಸೊರಬದ ಗುಡಿಗಾರರ ಕೆತ್ತನೆಗೆ ದಾರಿಯಲ್ಲಿ ಒಂದು ಅಂಗಡಿಯಿರಲಿ. ಆಮೇಲೆ ವರ್ಷದ ಕೊನೆಗೆ ಲೆಕ್ಕ ಕೇಳುವಾಗ ಎಷ್ಟು ಜನ ಬಂದರು ಎನ್ನುವ ಮೊದಲು ಎಷ್ಟು ಗೂಡು ಕಟ್ಟಿದವು ಎಂದು ಕೇಳೋಣ.